ನದಿಯ ಯಾವ ತಿರುವಿನಲ್ಲಿ ನಿಂತು ಮಾತಾಡುತ್ತಿದ್ದೇವೆ?

ಪ್ರತಿ ವರ್ಷ ಅಕ್ಟೋಬರ್ 15 ಹತ್ತಿರವಾದಂತೆ ಮಹಾರಾಷ್ಟ್ರದಲ್ಲಿ ಎರಡು ಸೀಮೆಯ ಜನ ಒಂದೇ ಅಂಕಿಗಾಗಿ ಕಾದು ಕೂರುತ್ತಾರೆ. ಪೈಠಣದ ಜಾಯಕವಾಡಿ ಜಲಾಶಯದಲ್ಲಿ ಬಳಕೆಗೆ ಸಿಗುವ ನೀರು ಶೇ 65 ಮುಟ್ಟಿದೆಯೋ ಇಲ್ಲವೋ ಎಂಬುದೇ ಆ ಲೆಕ್ಕ. ಮುಟ್ಟಿದ್ದರೆ ಮೇಲಿನ ನಾಸಿಕಕ್ಕೂ ನೆಮ್ಮದಿ, ಕೆಳಗಿನ ಛತ್ರಪತಿ ಸಂಭಾಜಿನಗರಕ್ಕೂ ನೆಮ್ಮದಿ. ಮುಟ್ಟದಿದ್ದರೆ ನಾಸಿಕ ಮತ್ತು ಅಹಿಲ್ಯಾನಗರ ಜಿಲ್ಲೆಗಳ ಅಣೆಕಟ್ಟೆಗಳ ಗೇಟು ಎತ್ತಿ ಕೆಳಕ್ಕೆ ನೀರು ಬಿಡಬೇಕು. ಆಗ ಮೇಲಿನವರು ‘ನಮ್ಮ ನೀರು ಕಸಿದರು’ ಎಂದು ಬೀದಿಗಿಳಿಯುತ್ತಾರೆ. ಬಿಡುವುದು ನಾಲ್ಕು ದಿನ ತಡವಾದರೆ ಕೆಳಗಿನವರು ‘ನಮ್ಮ ಹಕ್ಕಿನ ನೀರು ತಡೆದರು’ ಎಂದು ರಸ್ತೆಗೆ ಅಡ್ಡ ಕೂರುತ್ತಾರೆ. ಇಬ್ಬರದೂ ಒಂದೇ ರಾಜ್ಯ, ಒಂದೇ ಭಾಷೆ, ಒಂದೇ ಗೋದಾವರಿ.

ಸಮಾಜ ಎರಡು ಹೋಳಾಗಿದೆ ಎಂಬ ಮಾತು ಬಂದಾಗಲೆಲ್ಲ ಧರ್ಮ, ಜಾತಿ, ಪಕ್ಷಗಳ ಉದಾಹರಣೆಗಳೇ ಮುಂದೆ ಬರುತ್ತವೆ. ಅವು ನಿಜವೇ. ಆದರೆ ಒಡಕು ಹೇಗೆ ಹುಟ್ಟುತ್ತದೆ, ಅದು ದೊಡ್ಡದಾಗುತ್ತಾ ಹೋದಂತೆ ಯಾರು ಯಾರು ಕಣ್ಮರೆಯಾಗುತ್ತಾರೆ ಎಂಬುದನ್ನು ಕಾಣಬೇಕಿದ್ದರೆ ಈ ನೀರಿನ ಜಗಳವನ್ನು ಹತ್ತಿರದಿಂದ ನೋಡಬೇಕು. ಇಲ್ಲಿ ಅಳೆಯಲು ಟಿಎಂಸಿ ಇದೆ, ಹಂಚಲು ಕಾನೂನಿದೆ, ತೀರ್ಮಾನಿಸಲು ಕೋರ್ಟಿದೆ. ಆದರೂ ಜಗಳ ನಿಂತಿಲ್ಲ. ಕಾವೇರಿ, ಕೃಷ್ಣೆಯರ ನೀರು ಕುಡಿದು ಬೆಳೆದ ನಮಗೆ ಇದು ದೂರದ ಕಥೆಯೇನೂ ಅಲ್ಲ.

ಮೊದಲು ನೆಲದ ಪರಿಚಯ. ಗೋದಾವರಿ ಹುಟ್ಟುವುದು ನಾಸಿಕ ಜಿಲ್ಲೆಯ ತ್ರ್ಯಂಬಕೇಶ್ವರದ ಬ್ರಹ್ಮಗಿರಿಯಲ್ಲಿ. ಸಹ್ಯಾದ್ರಿಯ ಬೆನ್ನಿಗಿರುವ ಇಗತಪುರಿಯಲ್ಲಿ ಮೂರು ಸಾವಿರ ಮಿಲಿಮೀಟರ್ ಆಸುಪಾಸಿನ ಮಳೆ. ಅಲ್ಲಿಂದ ಪೂರ್ವಕ್ಕೆ ಇಳಿದಂತೆ ಮಳೆ ಕರಗುತ್ತಾ ಹೋಗಿ, ಪೈಠಣಕ್ಕೆ ಬರುವ ಹೊತ್ತಿಗೆ ಆರೇಳು ನೂರು ಮಿಲಿಮೀಟರಿಗೆ ಬಂದು ನಿಲ್ಲುತ್ತದೆ. ನದಿಯ ನೀರೆಲ್ಲ ಮೇಲೆ ಹುಟ್ಟುತ್ತದೆ, ಬಾಯಾರಿದ ನೆಲ ಕೆಳಗಿದೆ. ಆ ಕೆಳಗಿನ ನೆಲಕ್ಕಾಗಿ ಪೈಠಣದಲ್ಲಿ ಅಣೆಕಟ್ಟು ಕಟ್ಟಲು ಲಾಲ್ ಬಹದ್ದೂರ್ ಶಾಸ್ತ್ರಿ 1965ರ ಅಕ್ಟೋಬರ್‌ನಲ್ಲಿ ಅಡಿಗಲ್ಲು ಹಾಕಿದರು. 1976ರ ಫೆಬ್ರುವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಸುಮಾರು ಹತ್ತು ಕಿಲೊಮೀಟರ್ ಉದ್ದದ ಮಣ್ಣಿನ ಏರಿ, 27 ಗೇಟುಗಳು. ಹಿಂದೆ ನಿಂತ ನೀರಿಗೆ ಪೈಠಣದ ಸಂತ ಏಕನಾಥರ ನೆನಪಿನಲ್ಲಿ ನಾಥಸಾಗರ ಎಂದು ಹೆಸರು. ರಾಮೇಶ್ವರದ ಅಭಿಷೇಕಕ್ಕೆಂದು ಹೊತ್ತು ತಂದ ಗಂಗೆಯನ್ನು ದಾರಿಯಲ್ಲಿ ಬಾಯಾರಿ ಬಿದ್ದಿದ್ದ ಕತ್ತೆಗೆ ಕುಡಿಸಿದ ಏಕನಾಥರ ಕಥೆ ಅಲ್ಲಿನ ಮಕ್ಕಳಿಗೂ ಗೊತ್ತು.

ಬಳಕೆಗೆ ಸಿಗುವ ಲೆಕ್ಕದಲ್ಲಿ ಈ ಜಲಾಶಯದ ಸಾಮರ್ಥ್ಯ 76 ಟಿಎಂಸಿಗೂ ಹೆಚ್ಚು. ಅದರ ಶೇ 65 ಎಂದರೆ ಹತ್ತಿರ ಹತ್ತಿರ 50 ಟಿಎಂಸಿ, ಅಂದರೆ ತುಂಬಿ ತುಳುಕುವ ನಮ್ಮ ಕೆಆರ್‌ಎಸ್‌ನಷ್ಟು ನೀರು. ಜಗಳ ಎಷ್ಟು ದೊಡ್ಡದು ಎನ್ನುವುದಕ್ಕೆ ಇಷ್ಟು ಸಾಕು.

ಈ 65 ಎಲ್ಲಿಂದ ಬಂತು? ಮಹಾರಾಷ್ಟ್ರ 2005ರಲ್ಲಿ ಜಲಸಂಪತ್ತು ನಿಯಂತ್ರಣ ಪ್ರಾಧಿಕಾರದ ಕಾಯ್ದೆ ಮಾಡಿತು. ಅದರ 12(6)(ಸಿ) ಕಲಮಿನ ಸಾರ ಇಷ್ಟೇ: ಮಳೆ ಕೈಕೊಟ್ಟ ವರ್ಷ ಒಂದು ನದಿ ಕಣಿವೆಯ ಎಲ್ಲ ಜಲಾಶಯಗಳೂ ಆ ಕೊರತೆಯನ್ನು ಸಮನಾಗಿ ಹೊರಬೇಕು, ಮೇಲಿನದು ತುಂಬಿ, ಕೆಳಗಿನದು ಬರಿದಾಗಿ ನಿಲ್ಲಬಾರದು. ಇದನ್ನು ಕಾಗದದಿಂದ ನದಿಗೆ ಇಳಿಸುವುದು ಹೇಗೆ ಎಂದು ಮೇಂಢೇಗಿರಿ ಸಮಿತಿ 2013ರಲ್ಲಿ ಲೆಕ್ಕ ಹಾಕಿಕೊಟ್ಟಿತು. 2014ರ ಸೆಪ್ಟೆಂಬರ್‌ನಲ್ಲಿ ಪ್ರಾಧಿಕಾರ ಆದೇಶ ಹೊರಡಿಸಿತು. ಮುಂಗಾರಿನಲ್ಲಿ ಬಳಸಿದ್ದನ್ನೂ ಸೇರಿಸಿ ಜಾಯಕವಾಡಿ 65 ಮುಟ್ಟದಿದ್ದರೆ ಮೇಲಿನ ಯಾವ ಅಣೆಕಟ್ಟೆ ಗುಂಪು ಎಷ್ಟು ಬಿಡಬೇಕು ಎಂಬುದಕ್ಕೆ ಅದರಲ್ಲಿ ಕೋಷ್ಟಕವೇ ಇದೆ. 2016ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಈ ಕಲಮನ್ನು ಎತ್ತಿಹಿಡಿಯಿತು. ಈಚೆಗೆ ಇನ್ನೊಂದು ಸಮಿತಿ ಈ ಮಿತಿಯನ್ನು ತಗ್ಗಿಸಬಹುದು ಎಂದಾಗ ಸಂಭಾಜಿನಗರವಿರುವ ಕೆಳಗಿನ ಸೀಮೆ, ಮರಾಠವಾಡ, ಮತ್ತೆ ಕೆರಳಿತು.

2023ರಲ್ಲಿ ಇದು ನೆಲದ ಮೇಲೆ ಹೇಗೆ ನಡೆಯಿತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಆ ವರ್ಷ ಆಗಸ್ಟ್ ಪೂರ್ತಿ ಮಳೆ ಇಲ್ಲ. ಅಕ್ಟೋಬರ್ ಮಧ್ಯಕ್ಕೆ ಜಾಯಕವಾಡಿ ಅರ್ಧದ ಆಸುಪಾಸಿನಲ್ಲೇ ನಿಂತಿತ್ತು. ಅಕ್ಟೋಬರ್ 30ರಂದು ಆದೇಶ ಬಂತು: ಒಟ್ಟು 8.603 ಟಿಎಂಸಿ ಬಿಡಬೇಕು. ಮುಳಾದಿಂದ 2.10, ಪ್ರವರಾ ಗುಂಪಿನಿಂದ 3.36, ದಾರಣಾ ಗುಂಪಿನಿಂದ 2.643, ನಾಸಿಕ ನಗರಕ್ಕೆ ನೀರುಣಿಸುವ ಗಂಗಾಪುರದ ಗುಂಪಿನಿಂದ ಅರ್ಧ ಟಿಎಂಸಿ. ಮೂರನೇ ದಶಮಾಂಶದವರೆಗೆ ಲೆಕ್ಕ ಹಾಕಿದ ಆದೇಶ. ಆದರೆ ಗೇಟು ಏಳಲು ಹತ್ತಿರ ಹತ್ತಿರ ಒಂದು ತಿಂಗಳು ಹಿಡಿಯಿತು. ಮೇಲಿನ ಸೀಮೆಯ ಸಕ್ಕರೆ ಕಾರ್ಖಾನೆಯವರು ಕೋರ್ಟಿಗೆ ಹೋದರು, ಸುಪ್ರೀಂ ಕೋರ್ಟ್ ತಡೆ ಕೊಡಲಿಲ್ಲ, ಇತ್ತ ಮರಾಠವಾಡದಲ್ಲಿ ರಸ್ತೆ ತಡೆ ನಡೆಯಿತು. ಕೊನೆಗೆ ನವೆಂಬರ್ ಮುಗಿಯುವ ಹೊತ್ತಿಗೆ ನೀರು ಹರಿಯಿತು.

ಹಾಗೆ ಹರಿಯುವ ನೀರು ನೇರ ಪೈಠಣಕ್ಕೆ ಬಂದು ಬೀಳುವುದಿಲ್ಲ. ಬತ್ತಿದ ನದಿಯ ಒಡಲು ಮೊದಲು ತನ್ನ ಪಾಲು ಹೀರುತ್ತದೆ. ದಾರಿಯುದ್ದಕ್ಕೂ ಇರುವ ಬಾಂದಾರಗಳ ಹಲಗೆ ತೆಗೆಯಬೇಕು, ಇಲ್ಲವಾದರೆ ನೀರು ಅಲ್ಲಲ್ಲೇ ನಿಲ್ಲುತ್ತದೆ. ದಡದ ರೈತರು ಪಂಪ್ ಹಚ್ಚಿ ಎತ್ತಬಾರದೆಂದು ನದಿ ಪಕ್ಕದ ಊರುಗಳ ಕರೆಂಟ್ ತೆಗೆಯುತ್ತಾರೆ, ಪೊಲೀಸರನ್ನು ಕಾವಲಿಗೆ ಹಾಕುತ್ತಾರೆ. ತನ್ನ ಹೊಲದ ಬದುವಿನ ಪಕ್ಕದಲ್ಲೇ ನದಿ ತುಂಬಿ ಹರಿಯುತ್ತಿದ್ದು, ಹೊಲದಲ್ಲಿ ಹಿಂಗಾರಿನ ಪೈರು ಬಾಡುತ್ತಿದ್ದು, ಮೋಟಾರಿಗೆ ಕರೆಂಟ್ ಇಲ್ಲದೆ ಕೂತ ರೈತನ ಸಂಕಟ ಏನಿರಬಹುದು? ಆ ರೈತ ನಾಸಿಕದ ಪರವೋ ಮರಾಠವಾಡದ ಪರವೋ ಎಂದು ಕೇಳಿದರೆ ಆ ಪ್ರಶ್ನೆಗೇ ಅರ್ಥವಿಲ್ಲ. ಟಿವಿಯ ಚರ್ಚೆಯಲ್ಲಿ ಆತನಿಗೆ ಕುರ್ಚಿಯೂ ಸಿಗುವುದಿಲ್ಲ.

ಈಗ ಇಬ್ಬರ ವಾದವನ್ನೂ ಅವರವರ ಬಾಯಲ್ಲೇ ಕೇಳಬೇಕು. ಎದುರಾಳಿಯ ವಾದವನ್ನು ಅದರ ಅತ್ಯಂತ ದುರ್ಬಲ ರೂಪದಲ್ಲಿ ಹೇಳಿ ಗೆಲ್ಲುವುದು ನಮಗೆಲ್ಲ ಅಭ್ಯಾಸವಾಗಿದೆ. ಇಲ್ಲಿ ಹಾಗೆ ಮಾಡಿದರೆ ಏನೂ ತಿಳಿಯುವುದಿಲ್ಲ.

ಮೇಲಿನವರು ಹೇಳುವುದು ಹೀಗೆ. ನಮ್ಮ ದಾರಣಾ ಅಣೆಕಟ್ಟು 1916ರದ್ದು, ಭಂಡಾರದರಾ 1926ರದ್ದು. ನಾಂದೂರ ಮಧ್ಯಮೇಶ್ವರದಿಂದ ಹೊರಟ ನಾಲೆಗಳ ಮೇಲೆ ನೂರು ವರ್ಷದಿಂದ ಬದುಕು ಕಟ್ಟಿದ್ದೇವೆ. ನಿಫಾಡದ ದ್ರಾಕ್ಷಿ, ಲಾಸಲಗಾಂವದ ಮಾರುಕಟ್ಟೆ ತುಂಬುವ ಈರುಳ್ಳಿ, ಪ್ರವರಾನಗರದಲ್ಲಿ ವಿಠ್ಠಲರಾವ್ ವಿಖೆ ಪಾಟೀಲರು ಕಟ್ಟಿದ ಸಹಕಾರಿ ಸಕ್ಕರೆ ಕಾರ್ಖಾನೆ ಎಲ್ಲವೂ ಈ ನೀರಿನಿಂದ ಬೆಳೆದವು. ಜಾಯಕವಾಡಿ ಬಂದದ್ದು 1976ರಲ್ಲಿ. ನದಿಯಲ್ಲಿ ಇರುವ ನೀರಿನ ಅಂದಾಜನ್ನೇ ಹೆಚ್ಚಾಗಿ ಹಿಡಿದು ಅಷ್ಟು ದೊಡ್ಡ ಅಣೆಕಟ್ಟು ಕಟ್ಟಿದರು. ಅಗಲಕ್ಕೆ ಹರಡಿಕೊಂಡ, ಆಳ ಕಡಿಮೆಯಿರುವ ಜಲಾಶಯ ಅದು. ಬೇಸಿಗೆಯಲ್ಲಿ ಎಷ್ಟೋ ನೀರು ಆವಿಯಾಗಿ ಹೋಗುತ್ತದೆ. ಅದನ್ನು ತುಂಬಿಸುವ ಹೊಣೆ ಪ್ರತಿ ವರ್ಷ ನಮ್ಮ ತಲೆಗೇ ಏಕೆ? ನಮ್ಮ ಜಿಲ್ಲೆಯ ವೈತರಣೆಯ ನೀರು ಆಗಲೇ ಮುಂಬೈಗೆ ಹೋಗುತ್ತಿದೆ. ಇನ್ನೆಷ್ಟು ಕೊಡಬೇಕು?

ಇದು ದುರಾಸೆಯ ಮಾತಲ್ಲ. ದ್ರಾಕ್ಷಿ ಬಳ್ಳಿಗೆ ಒಂದು ಬೇಸಿಗೆ ನೀರು ತಪ್ಪಿದರೆ ನಷ್ಟ ಒಂದು ಬೆಳೆಗೆ ನಿಲ್ಲುವುದಿಲ್ಲ, ವರ್ಷಗಳ ಸಾಲ ಮಾಡಿ ಎಬ್ಬಿಸಿದ ತೋಟವೇ ಹೋಗುತ್ತದೆ.

ಕೆಳಗಿನವರು ಹೇಳುವುದು ಹೀಗೆ. ನಾವು ತಡವಾಗಿ ಬಂದದ್ದು ನಿಜ, ಆದರೆ ಅದು ನಮ್ಮ ತಪ್ಪೇ? ಬ್ರಿಟಿಷರ ಮುಂಬೈ ಪ್ರಾಂತ್ಯ ನಾಸಿಕ, ಅಹಿಲ್ಯಾನಗರ ಜಿಲ್ಲೆಗಳಲ್ಲಿ ಅಣೆಕಟ್ಟು ಕಟ್ಟುತ್ತಿದ್ದಾಗ ನಾವು ನಿಜಾಮನ ರಾಜ್ಯದಲ್ಲಿದ್ದೆವು. 1948ರ ಸೆಪ್ಟೆಂಬರ್ 17ರಂದು ನಮಗೆ ಬಿಡುಗಡೆಯಾಯಿತು, 1956ರಲ್ಲಿ ಮುಂಬೈ ರಾಜ್ಯಕ್ಕೆ ಸೇರಿದೆವು. ನಮ್ಮ ಪಾಲನ್ನು ಲೆಕ್ಕದಲ್ಲಿಟ್ಟೇ ಜಾಯಕವಾಡಿ ಕಟ್ಟಿದರು. ಆಮೇಲೆ ಮೇಲ್ಭಾಗದಲ್ಲಿ ಒಂದರ ಮೇಲೊಂದು ಅಣೆಕಟ್ಟು ಎದ್ದವು. ನಮ್ಮ ಹಳ್ಳಿಗಳನ್ನು, ಫಲವತ್ತಾದ ಹೊಲಗಳನ್ನು ಮುಳುಗಿಸಿ ಕಟ್ಟಿದ ಜಲಾಶಯಕ್ಕೆ ನೀರೇ ಬರದಿದ್ದರೆ ಆ ತ್ಯಾಗಕ್ಕೆ ಏನು ಬೆಲೆ? ನದಿ ನಿಮ್ಮಲ್ಲಿ ಹುಟ್ಟಿತು ಎಂದ ಮಾತ್ರಕ್ಕೆ ನಿಮ್ಮದಾಗುತ್ತದೆಯೇ?

ಕಲಬುರಗಿ, ಬೀದರ್, ರಾಯಚೂರಿನ ಓದುಗರಿಗೆ ಈ ದನಿ ಬಿಡಿಸಿ ಹೇಳಬೇಕಿಲ್ಲ. 1956ರವರೆಗೆ ಅವರೂ ಔರಂಗಾಬಾದಿನವರೂ (ಇಂದಿನ ಸಂಭಾಜಿನಗರ) ಒಂದೇ ಹೈದರಾಬಾದ್ ರಾಜ್ಯದವರು. ಸೆಪ್ಟೆಂಬರ್ 17 ಅಲ್ಲೂ ಬಿಡುಗಡೆಯ ಹಬ್ಬ, ಇಲ್ಲೂ ಹಬ್ಬ. ಇಲ್ಲಿ ಸಂವಿಧಾನದ 371(ಜೆ) ವಿಧಿಗಾಗಿ ಎದ್ದ ಕೂಗಿನ ಹಿಂದಿದ್ದ ನೋವೂ ಅದೇ: ಹಿಂದುಳಿದದ್ದು ನಮ್ಮ ಸೋಮಾರಿತನದಿಂದಲ್ಲ, ಚರಿತ್ರೆ ನಮ್ಮನ್ನು ಸಾಲಿನ ಕೊನೆಗೆ ನಿಲ್ಲಿಸಿತು.

ಎರಡೂ ವಾದಗಳಲ್ಲಿ ಸತ್ಯವಿದೆ ಎಂದು ಹೇಳಿ ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಎರಡೂ ಕಡೆಯವರು ಬಚ್ಚಿಡುವ ಸಂಗತಿಗಳೂ ಇವೆ. ಅವನ್ನು ಹೇಳದಿದ್ದರೆ ‘ಎರಡೂ ಮುಖ ನೋಡಿದೆ’ ಎನ್ನುವುದಕ್ಕೆ ಬೆಲೆಯಿಲ್ಲ.

ಮೊದಲನೆಯದಾಗಿ, ‘ನಾಸಿಕ’ ಎಂಬ ಒಂದೇ ನಾಸಿಕ ಇಲ್ಲ. ಅಣೆಕಟ್ಟೆಗಳಿರುವ ತ್ರ್ಯಂಬಕೇಶ್ವರ, ಇಗತಪುರಿಯ ಗುಡ್ಡಗಳಲ್ಲಿ ಆದಿವಾಸಿ ಹೆಂಗಸರು ಏಪ್ರಿಲ್, ಮೇ ತಿಂಗಳಲ್ಲಿ ಒಂದು ಕೊಡ ನೀರಿಗೆ ಇಳಿಜಾರು ಹತ್ತಿ ಇಳಿಯುತ್ತಾರೆ. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಅದೂ ಒಂದು. ಅವರ ನೆಲದಲ್ಲಿ ನೀರು ನಿಲ್ಲಿಸಿದರು, ಅವರ ಕೊಡ ಮಾತ್ರ ತುಂಬಲಿಲ್ಲ. ಜಿಲ್ಲೆಯ ಪೂರ್ವಕ್ಕಿರುವ ಸಿನ್ನರ್, ಯೇವಲಾ, ನಾಂದಗಾಂವ ತಾಲ್ಲೂಕುಗಳು ಮರಾಠವಾಡದಷ್ಟೇ ಬರದ ನಾಡು. ಮನಮಾಡ್ ಜಂಕ್ಷನ್ ಎಂದರೆ ರೈಲಿನಲ್ಲಿ ಓಡಾಡಿದವರಿಗೆಲ್ಲ ಗೊತ್ತು. ಆ ಪಟ್ಟಣದ ನಲ್ಲಿಗಳಲ್ಲಿ ವರ್ಷಗಟ್ಟಲೆ ಹತ್ತು ಹದಿನೈದು ದಿನಕ್ಕೊಮ್ಮೆ ನೀರು ಬಂದದ್ದು ಎಷ್ಟು ಜನಕ್ಕೆ ಗೊತ್ತು? ‘ನಾಸಿಕದ ನೀರು ನಾಸಿಕಕ್ಕೆ’ ಎಂದು ಘೋಷಣೆ ಕೂಗುವಾಗ ಇವರ ಹೆಸರೂ ಸೇರಿಕೊಳ್ಳುತ್ತದೆ, ಪಾಲು ಹಂಚುವಾಗ ಬಿಟ್ಟುಹೋಗುತ್ತದೆ.

ಸಂಭಾಜಿನಗರವೂ ಒಂದೇ ಅಲ್ಲ. ಅದೇ ಜಿಲ್ಲೆಯ ವೈಜಾಪುರ, ಗಂಗಾಪುರ (ನಾಸಿಕದ ಗಂಗಾಪುರ ಅಣೆಕಟ್ಟೆಯೇ ಬೇರೆ) ತಾಲ್ಲೂಕುಗಳಿಗೆ ನೀರು ಬರುವುದು ನಾಸಿಕದ ಕಡೆಯಿಂದ. ಇಗತಪುರಿ ತಾಲ್ಲೂಕಿನ ಮುಕಣೆ, ಭಾವಲಿ, ಭಾಮ, ವಾಕಿ ಅಣೆಕಟ್ಟೆಗಳ ನೀರು ನಾಂದೂರ ಮಧ್ಯಮೇಶ್ವರದ ಎಕ್ಸ್‌ಪ್ರೆಸ್ ಕಾಲುವೆಯ ಮೂಲಕ ಅಲ್ಲಿಗೆ ಹರಿಯುತ್ತದೆ. ಪೈಠಣಕ್ಕೆ ಹೆಚ್ಚು ಬಿಟ್ಟರೆ ತಮಗೆಷ್ಟು ಉಳಿದೀತು ಎಂಬ ಚಿಂತೆ ಅಲ್ಲಿನ ರೈತರಿಗೂ ಇದೆ. ಮರಾಠವಾಡದವರಾಗಿದ್ದೂ ನೀರಿನ ವಿಷಯಕ್ಕೆ ಅವರು ಮೇಲಿನವರು.

ಎರಡನೆಯ ಸಂಗತಿ ಇನ್ನೂ ಕಹಿ. ಜಾಯಕವಾಡಿ ಭರ್ತಿಯಾದ ವರ್ಷವೂ ಐವತ್ತು ಕಿಲೊಮೀಟರ್ ದೂರದ ಸಂಭಾಜಿನಗರದ ಮನೆಗಳಿಗೆ ಎಷ್ಟೋ ದಿನಕ್ಕೊಮ್ಮೆ ನೀರು ಬಂದಿದೆ. ಅಲ್ಲಿ ಕೊರತೆ ಇರುವುದು ನದಿಯಲ್ಲಲ್ಲ, ಪೈಪಿನಲ್ಲಿ. 2020ರ ಡಿಸೆಂಬರ್‌ನಲ್ಲಿ 1,680 ಕೋಟಿ ರೂಪಾಯಿಯ ಹೊಸ ಯೋಜನೆಗೆ ಅಡಿಗಲ್ಲು ಹಾಕಿದರು. ಕೆಲಸ ಎಳೆದು ಎಳೆದು ವೆಚ್ಚ 2,740 ಕೋಟಿಗೆ ಏರಿತು. ನಾಸಿಕ ಹನಿ ನೀರನ್ನೂ ಉಳಿಸಿಕೊಳ್ಳದೆ ಬಿಟ್ಟರೂ ಆ ನಲ್ಲಿಗಳಿಗೆ ಬರುತ್ತಿರಲಿಲ್ಲ. ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಹೋದ 2016ರ ಬೇಸಿಗೆಯಲ್ಲೇ, ಮರಾಠವಾಡದ ಬಿಯರ್ ಮತ್ತು ಮದ್ಯದ ಕಾರ್ಖಾನೆಗಳಿಗೆ ಕೊಡುತ್ತಿದ್ದ ನೀರನ್ನು ಶೇ 60ರಷ್ಟು ಕಡಿತ ಮಾಡಿ ಎಂದು ಹೈಕೋರ್ಟ್‌ನ ಔರಂಗಾಬಾದ್ ಪೀಠ ಆದೇಶಿಸಬೇಕಾಯಿತು. ಇನ್ನು ಕಬ್ಬು: ಮೇಲೂ ಅದೇ, ಕೆಳಗೂ ಅದೇ. ಪ್ರವರಾ ತೀರದಲ್ಲಿ ಬೆಳೆದರೆ ಅದು ಸಹಕಾರದ ಸಾಧನೆ, ಜಾಯಕವಾಡಿಯ ಅಚ್ಚುಕಟ್ಟಿನಲ್ಲಿ ಬೆಳೆದರೆ ಅದು ನೀರಿನ ದುರ್ಬಳಕೆ ಎಂದು ಒಬ್ಬರು, ತಿರುಗಿಸಿ ಇನ್ನೊಬ್ಬರು.

ಇವೆಲ್ಲ ಗುಟ್ಟಿನ ಸಂಗತಿಗಳಲ್ಲ. ಮರಾಠಿ ಪತ್ರಿಕೆಗಳಲ್ಲಿ ಬಂದವೇ, ಕೋರ್ಟಿನ ಕಡತಗಳಲ್ಲಿ ಇರುವವೇ. ಆದರೂ ಅಕ್ಟೋಬರ್ ಬಂದೊಡನೆ ಇವು ಮಾಯವಾಗುತ್ತವೆ. ಒಂದೇ ಪಕ್ಷದ ಶಾಸಕರು ನಾಸಿಕದಲ್ಲಿ ಒಂದು ಮಾತಾಡುತ್ತಾರೆ, ಸಂಭಾಜಿನಗರದಲ್ಲಿ ಅದಕ್ಕೆ ವಿರುದ್ಧ. ಪೈಪು ಹಾಕದ ಪಾಲಿಕೆಗೆ ನಾಸಿಕ ಒಂದು ಒಳ್ಳೆಯ ನೆಪ. ತನ್ನ ಆದಿವಾಸಿ ಹಳ್ಳಿಗಳಿಗೆ ನೀರು ಕೊಡದ ನಾಸಿಕದ ಆಡಳಿತಕ್ಕೆ ಮರಾಠವಾಡ ಒಂದು ಒಳ್ಳೆಯ ನೆಪ. ಜನ ಎರಡು ಪಾಳೆಯವಾಗಿ ನಿಂತಷ್ಟೂ ಲೆಕ್ಕ ಕೇಳುವವರು ಕಡಿಮೆಯಾಗುತ್ತಾರೆ. ನನ್ನನ್ನು ಹೆಚ್ಚು ಕಾಡುವುದು ಇದೇ.

ಸಂಭಾಜಿನಗರದ ಇನ್ನೊಂದು ಒಡಕು ನಮಗೆಲ್ಲ ಹೆಚ್ಚು ಪರಿಚಿತ. ಔರಂಗಾಬಾದ್ ಎಂಬ ಊರಿನ ಹೆಸರು ಬದಲಿಸುವ ಮಾತನ್ನು ಬಾಳಾ ಠಾಕ್ರೆ 1988ರಲ್ಲಿ ಎತ್ತಿದರು. 2023ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತು, 2024ರ ಮೇ ತಿಂಗಳಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. 1689ರಲ್ಲಿ ಔರಂಗಜೇಬ ಕೊಲ್ಲಿಸಿದ ಸಂಭಾಜಿ ಮಹಾರಾಜರ ಹೆಸರು ಆ ಊರಿಗೆ ಸಲ್ಲಬೇಕಾದ ಗೌರವ ಎಂದು ನಂಬಿದ ಲಕ್ಷಾಂತರ ಜನರಿದ್ದಾರೆ. ತಮ್ಮ ಅಜ್ಜ ಅಜ್ಜಿಯರ ಊರಿನ ಹೆಸರು ಅಳಿಸಿತಲ್ಲ ಎಂದು ನೊಂದವರೂ ಅದೇ ಬೀದಿಯಲ್ಲಿದ್ದಾರೆ. 2025ರಲ್ಲಿ ಊರಿನ ಪಕ್ಕದ ಖುಲ್ತಾಬಾದಿನಲ್ಲಿರುವ ಔರಂಗಜೇಬನ ಸಮಾಧಿ ತೆಗೆಯಬೇಕೆಂಬ ಕೂಗೆದ್ದು ದೂರದ ನಾಗಪುರದಲ್ಲಿ ಗಲಭೆಯಾಯಿತು. ಅದೇ ಖುಲ್ತಾಬಾದಿನಲ್ಲಿ, ಜೀವಮಾನವಿಡೀ ಮೊಘಲರ ವಿರುದ್ಧ ಕಾದಾಡಿದ ಮಲಿಕ್ ಅಂಬರನ ಸಮಾಧಿಯೂ ಇದೆ. ಸಂಭಾಜಿನಗರವಾಗಿರುವ ಊರನ್ನು 1610ರಲ್ಲಿ ಖಡ್ಕಿ ಎಂಬ ಹೆಸರಿನಲ್ಲಿ ಕಟ್ಟಿಸಿದವನೇ ಅವನು. ಅಲ್ಲೇ ಮಲಗಿದ ಭಂಗಿಯ ಭದ್ರಾ ಮಾರುತಿ ಇದ್ದಾನೆ, ಶ್ರಾವಣದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಭಕ್ತರು. ಸಂಭಾಜಿಯ ಮಗ ಶಾಹು 1707ರಲ್ಲಿ ಮೊಘಲರ ಸೆರೆಯಿಂದ ಬಿಡುಗಡೆಯಾಗಿ ಬಂದಾಗ ಔರಂಗಜೇಬನ ಸಮಾಧಿಗೆ ಹೋಗಿಬಂದದ್ದನ್ನು ಮರಾಠಾ ಇತಿಹಾಸ ಬರೆದವರು ದಾಖಲಿಸಿದ್ದಾರೆ. ತಂದೆಯನ್ನು ಕೊಂದವನ ಸಮಾಧಿಯ ಮುಂದೆ ಆ ಯುವಕನ ಮನಸ್ಸಿನಲ್ಲಿ ಏನಿತ್ತೋ, ನಾವು ಊಹಿಸಬಾರದು. ಆ ಭೇಟಿ ಔರಂಗಜೇಬನ ಕ್ರೌರ್ಯವನ್ನು ಕಡಿಮೆ ಮಾಡುವುದಿಲ್ಲ. ಆದರೆ ಆ ಕಾಲದ ಮನುಷ್ಯರು ನಮ್ಮ ಇಂದಿನ ಘೋಷಣೆಗಳಿಗಿಂತ ದೊಡ್ಡವರಾಗಿದ್ದರು ಎಂಬುದಂತೂ ಸ್ಪಷ್ಟ.

ಹೆಸರಿನ ವಿಷಯದಲ್ಲಿ ಎದುರು ಬದುರಾದ ಮೊಹಲ್ಲಾದವರೂ ಗಲ್ಲಿಯವರೂ ನೀರಿನ ಟ್ಯಾಂಕರ್ ಬಂದಾಗ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಜನರನ್ನು ಹೇಗೆ ವಿಂಗಡಿಸುತ್ತೇವೆ ಎಂಬುದು ನಾವು ಯಾವ ಪ್ರಶ್ನೆ ಕೇಳುತ್ತೇವೆ ಎಂಬುದನ್ನು ಅವಲಂಬಿಸಿದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಈಗ ನಮ್ಮ ಮನೆಯ ಮಾತು. ಗೋದಾವರಿಯ ಈ ಜಗಳದಲ್ಲಿ ಕರ್ನಾಟಕದವರು ಯಾರ ಕಡೆ ನಿಲ್ಲುತ್ತೇವೆ? ಕಾವೇರಿಯನ್ನು ನೆನೆದರೆ ನಾವು ನಾಸಿಕದವರು: ನದಿ ಹುಟ್ಟುವುದು ನಮ್ಮಲ್ಲಿ, ಬರದ ವರ್ಷವೂ ಕೆಳಕ್ಕೆ ಬಿಡು ಎಂಬ ಆದೇಶ ನಮಗೆ. ಕೃಷ್ಣೆಯನ್ನು ನೆನೆದರೆ ನಾವು ಸಂಭಾಜಿನಗರದವರು: ಬೇಸಿಗೆಯಲ್ಲಿ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಕುಡಿಯುವ ನೀರಿಗೆ ಕೊಯ್ನಾ, ವಾರಣಾ, ಉಜನಿಯಿಂದ ಒಂದೆರಡು ಟಿಎಂಸಿ ಬಿಡಿ ಎಂದು ನಮ್ಮ ಮುಖ್ಯಮಂತ್ರಿಗಳು ಮಹಾರಾಷ್ಟ್ರಕ್ಕೆ ಪತ್ರ ಬರೆಯುತ್ತಾರೆ. 2025ರಲ್ಲೂ ಬರೆದರು. ಅದು ಭಿಕ್ಷೆ ಎಂದು ನಮಗೆ ಅನ್ನಿಸುವುದಿಲ್ಲ, ಅನ್ನಿಸಬೇಕಾಗಿಯೂ ಇಲ್ಲ. ಹಾಗಿದ್ದರೆ ತಮಿಳುನಾಡಿನಲ್ಲಿ ಮೆಟ್ಟೂರಿನ ಕೆಳಗಿರುವ ರೈತ ಕೇಳಿದಾಗ ಅದು ದಬ್ಬಾಳಿಕೆ ಎಂದು ಏಕೆ ಅನ್ನಿಸುತ್ತದೆ?

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನೋಡಿದರೆ ಗೆರೆಗಳು ಮತ್ತಷ್ಟು ಕಲಸಿಹೋಗುತ್ತವೆ. ‘ನಮ್ಮ ಅಣೆಕಟ್ಟೆ, ನಾಲೆಗಳು ಹಳೆಯವು, ನಮ್ಮ ಬಳಕೆ ಹಳೆಯದು’ ಎಂಬುದು ಗೋದಾವರಿಯಲ್ಲಿ ಮೇಲಿನವರ ವಾದ. ಕಾವೇರಿಯಲ್ಲಿ ಅದೇ ವಾದವನ್ನು ಕೆಳಗಿನ ತಮಿಳುನಾಡು ಮಾಡಿತು. ‘ನಾವು ತಡವಾದದ್ದು ಪರರ ಆಳ್ವಿಕೆಯಿಂದ, ಅದಕ್ಕೆ ನಮ್ಮನ್ನು ಶಿಕ್ಷಿಸಬೇಡಿ’ ಎಂಬುದು ಇಲ್ಲಿ ಕೆಳಗಿನ ಮರಾಠವಾಡದ ಅಳಲು. 1892 ಮತ್ತು 1924ರ ಒಪ್ಪಂದಗಳಿಂದ ಮೈಸೂರಿನ ಕೈ ಕಟ್ಟಿದರು ಎಂದು ಅದೇ ಅಳಲನ್ನು ನಾವು ಮೇಲೆ ನಿಂತು ಹೇಳಿದೆವು. ಹಾಗಾಗಿ ಕಾವೇರಿಯ ಕನ್ನಡಿಗ ಅರ್ಧ ನಾಸಿಕದವನು, ಅರ್ಧ ಮರಾಠವಾಡದವನು. ಇದನ್ನು ಒಪ್ಪಿಕೊಂಡರೆ ನಮ್ಮ ಹಕ್ಕು ಒಂದು ಹನಿಯೂ ಕಡಿಮೆಯಾಗುವುದಿಲ್ಲ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ನಮ್ಮ ಪಾಲನ್ನು 284.75 ಟಿಎಂಸಿಗೆ ಏರಿಸಿತು. ಅದು ದಾಖಲೆ, ಅಂಕಿ ಮತ್ತು ಬೆಂಗಳೂರಿನ ಕುಡಿಯುವ ನೀರಿನ ಅಗತ್ಯವನ್ನು ಮುಂದಿಟ್ಟು ವಾದಿಸಿ ಸಿಕ್ಕಿದ್ದು. 2016ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಬಸ್ಸುಗಳಿಗೆ ಹಚ್ಚಿದ ಬೆಂಕಿಯಿಂದ ಒಂದು ಟಿಎಂಸಿಯೂ ಸಿಗಲಿಲ್ಲ.

ರಾಜ್ಯದೊಳಗೂ ಇದೇ ಕಥೆ. ತುಂಗಭದ್ರಾ ಎಡದಂಡೆ ನಾಲೆಯ ಮೇಲ್ಭಾಗದಲ್ಲಿ ಭತ್ತ ನಳನಳಿಸುತ್ತದೆ, ರಾಯಚೂರು ಜಿಲ್ಲೆಯ ಕೊನೆ ಭಾಗದ ರೈತರು ನೀರಿಗಾಗಿ ವರ್ಷ ವರ್ಷ ಧರಣಿ ಕೂರುತ್ತಾರೆ. ಅಲ್ಲಿ ತಮಿಳರೂ ಇಲ್ಲ, ಮರಾಠಿಗರೂ ಇಲ್ಲ.

ಎದುರಿನವರ ನೆಲಕ್ಕೆ ಹೋಗಿ ನೋಡಿದ ಉದಾಹರಣೆಗಳೂ ನಮ್ಮಲ್ಲಿವೆ. 2003ರಲ್ಲಿ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಪ್ರಯತ್ನದಿಂದ ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳ ರೈತರು ‘ಕಾವೇರಿ ಕುಟುಂಬ’ ಎಂದು ಕೂಡಿಕೊಂಡರು. ಮಂಡ್ಯದ ರೈತರು ತಂಜಾವೂರಿನ ಗದ್ದೆಗಳನ್ನು ಕಂಡರು, ಅವರು ನಮ್ಮ ಒಣ ಹೊಲಗಳನ್ನು ಕಂಡರು. ಎಲ್ಲರೂ ಒಪ್ಪುವ ಸೂತ್ರ ಕೊನೆಗೂ ಅವರ ಕೈಗೆ ಬರಲಿಲ್ಲ, ತೀರ್ಮಾನ ಕೋರ್ಟಿನಲ್ಲೇ ಆಯಿತು. ಆದರೂ ಎದುರಿನವನೂ ಸಾಲಗಾರ ರೈತನೇ ಎಂದು ಕಣ್ಣಾರೆ ಕಂಡವರು ಕಲ್ಲೆತ್ತುವುದು ಕಷ್ಟ. ಇನ್ನೊಂದು ಉದಾಹರಣೆ ಮಹಾರಾಷ್ಟ್ರದ್ದು. 2019ರಲ್ಲಿ ಸಾಂಗ್ಲಿ, ಕೊಲ್ಹಾಪುರ ಮುಳುಗಿದಾಗ ಆಲಮಟ್ಟಿಯೇ ಕಾರಣ ಎಂದು ಅಲ್ಲಿ ದೊಡ್ಡ ಕೂಗೆದ್ದಿತ್ತು. ಆ ಸರ್ಕಾರವೇ ನೇಮಿಸಿದ ನಂದಕುಮಾರ್ ವಡ್ನೇರೆ ಸಮಿತಿ, ಪ್ರವಾಹಕ್ಕೆ ಆಲಮಟ್ಟಿ ಕಾರಣವಲ್ಲ ಎಂದು ವರದಿ ಕೊಟ್ಟಿತು. ತಮ್ಮ ಜನಕ್ಕೆ ಇಷ್ಟವಾಗದ ಸತ್ಯವನ್ನು ತಮ್ಮ ಜನಕ್ಕೇ ಹೇಳಿದ ಎಂಜಿನಿಯರುಗಳು ಅವರು. ಅಂಥವರು ಎರಡೂ ಕಡೆ ಬೇಕು.

ಒಂದು ತಪ್ಪು ಗ್ರಹಿಕೆ ಬಾರದಿರಲಿ. ಎಲ್ಲರ ಮಾತನ್ನೂ ಕೇಳುವುದೆಂದರೆ ತೀರ್ಮಾನ ಕೊಡದೆ ನಡುವೆ ನಿಲ್ಲುವುದು ಎಂದು ಎಷ್ಟೋ ಜನ ತಿಳಿದಿದ್ದಾರೆ. ಅದು ಹಾಗಲ್ಲ. ಅದೇ ನಾಸಿಕದ ಕಾಳಾರಾಮ ಮಂದಿರದ ಬಾಗಿಲಲ್ಲಿ 1930ರ ಮಾರ್ಚ್ 2ರಂದು ಅಂಬೇಡ್ಕರ್ ಮುಂದಾಳತ್ವದಲ್ಲಿ ದಲಿತರ ಪ್ರವೇಶಕ್ಕಾಗಿ ಸತ್ಯಾಗ್ರಹ ಶುರುವಾಯಿತು. ದಾದಾಸಾಹೇಬ್ ಗಾಯಕವಾಡರು ಅದನ್ನು ವರ್ಷಗಟ್ಟಲೆ ನಡೆಸಿಕೊಂಡು ಹೋದರು. ಒಳಗೆ ಬಿಡಿ ಎನ್ನುವವರಿಗೂ ಬಿಡುವುದಿಲ್ಲ ಎನ್ನುವವರಿಗೂ ನಡುವೆ ಸಮದೂರದಲ್ಲಿ ನಿಲ್ಲುವ ಜಾಗವೇ ಇರಲಿಲ್ಲ. ಬಾಗಿಲು ಮುಚ್ಚಿದವರು ತಪ್ಪು ಮಾಡಿದರು, ಅಷ್ಟೇ. ಆದರೆ ತಮ್ಮದೇ ಹೋರಾಟದ ಬಗ್ಗೆ ಅಂಬೇಡ್ಕರ್ ಎಷ್ಟು ಸೂಕ್ಷ್ಮವಾಗಿ ಯೋಚಿಸುತ್ತಿದ್ದರು ನೋಡಿ. ತಮ್ಮ ಜನ ವಿಗ್ರಹಾರಾಧಕರಾಗಲಿ ಎಂದು ತಾವು ಈ ಚಳವಳಿ ಶುರುಮಾಡಲಿಲ್ಲ, ಅವರಿಗೆ ತಮ್ಮ ಸ್ಥಿತಿಯ ಅರಿವಾಗಿ ಅವರಲ್ಲಿ ಕಸುವು ತುಂಬಲಿ ಎಂದು ಮಾಡಿದ್ದು ಎಂದು 1934ರ ಮಾರ್ಚ್‌ನಲ್ಲಿ ಗಾಯಕವಾಡರಿಗೆ ಬರೆದರು. ಮಾರನೇ ವರ್ಷ ಅದೇ ಜಿಲ್ಲೆಯ ಯೇವಲಾದಲ್ಲಿ, ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದರು. ನಿಲುವು ಗಟ್ಟಿ, ಯೋಚನೆ ಸದಾ ತೆರೆದದ್ದು. ಎರಡೂ ಒಬ್ಬರಲ್ಲೇ ಇರಲು ಸಾಧ್ಯ.

ಗೋದಾವರಿಯ ನೀರಿನಲ್ಲೂ ನನಗೊಂದು ನಿಲುವಿದೆ. ಕೊರತೆಯನ್ನು ಕಣಿವೆಯವರೆಲ್ಲ ಸಮನಾಗಿ ಹೊರಬೇಕು ಎಂಬ 12(6)(ಸಿ) ಕಲಮು ನ್ಯಾಯವಾದದ್ದು, ನಾಸಿಕ ನೀರು ಬಿಡಬೇಕು. ಹಾಗೆ ಬಿಟ್ಟ ನೀರು ಎಲ್ಲಿ ಹೋಯಿತು, ಕುಡಿಯಲು ಎಷ್ಟು, ಕಬ್ಬಿಗೆ ಎಷ್ಟು, ಕಾರ್ಖಾನೆಗೆ ಎಷ್ಟು ಎಂದು ಮರಾಠವಾಡ ಪೈಸೆ ಪೈಸೆ ಲೆಕ್ಕ ಕೊಡಬೇಕು. ತ್ರ್ಯಂಬಕದ ಗುಡ್ಡದ ಹೆಂಗಸರ ಕೊಡವನ್ನು ಈ ಎರಡೂ ಲೆಕ್ಕಕ್ಕಿಂತ ಮೊದಲು ತುಂಬಿಸಬೇಕು. ಮಿತಿ 65 ಇರಲಿ, ಕಡಿಮೆಯಾಗಲಿ, ಅದನ್ನು ಮಳೆ ಬರುವ ಮುನ್ನವೇ ಎರಡೂ ಕಡೆಯವರನ್ನು ಕೂರಿಸಿ ತೀರ್ಮಾನಿಸಬೇಕು. ಬರ ಬಂದ ಮೇಲೆ ಯಾರ ಕಿವಿಯೂ ಕೇಳುವುದಿಲ್ಲ.

ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಗ್ರಂಥ ಕವಿರಾಜಮಾರ್ಗ. ಸಂಭಾಜಿನಗರದ ಪಕ್ಕದ ಎಲ್ಲೋರದಲ್ಲಿ ಕೈಲಾಸ ದೇಗುಲ ಕೊರೆಸಿದ ರಾಷ್ಟ್ರಕೂಟರ ವಂಶದ ನೃಪತುಂಗನ ಆಸ್ಥಾನದಲ್ಲಿ ಒಂಬತ್ತನೇ ಶತಮಾನದಲ್ಲಿ ಹುಟ್ಟಿದ್ದು ಅದು. ಕನ್ನಡ ನಾಡಿನ ಬಡಗಣ ಎಲ್ಲೆ ಗೋದಾವರಿ ಎಂದು ಅದು ಹೇಳುವುದನ್ನು ನಾವು ರಾಜ್ಯೋತ್ಸವದ ವೇದಿಕೆಗಳಲ್ಲಿ ಮರೆಯದೆ ಹೇಳುತ್ತೇವೆ. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲ ಶಕ್ತಿಯೇ ನಿಜವಾದ ಸಂಪತ್ತು ಎಂದು ಅದೇ ಗ್ರಂಥ ಹೇಳಿದೆ. ಆ ಮಾತನ್ನೂ ಅಷ್ಟೇ ಹೆಮ್ಮೆಯಿಂದ ಹೇಳುವ ಕಾಲ ಬಂದಿದೆ.

ಪತ್ರಿಕೆಯ ಸಂಪಾದಕರಲ್ಲಿ, ಓದುಗರಲ್ಲಿ ನನ್ನದೊಂದು ಬೇಡಿಕೆ. ಮಳೆಗಾಲ ಶುರುವಾದರೆ ನಮ್ಮ ಪತ್ರಿಕೆಗಳಲ್ಲಿ ಕೆಆರ್‌ಎಸ್, ಕಬಿನಿ, ಹೇಮಾವತಿ, ಆಲಮಟ್ಟಿ, ತುಂಗಭದ್ರೆಯ ನೀರಿನ ಮಟ್ಟ ದಿನವೂ ಬರುತ್ತದೆ. ಅದರ ಪಕ್ಕದಲ್ಲೇ ಮೆಟ್ಟೂರಿನದೂ ಕೊಯ್ನಾದ್ದೂ ಒಂದೊಂದು ಸಾಲು ಹಾಕಿ. ಓದುವವರು ನಮ್ಮದರ ಜೊತೆಗೆ ಅವನ್ನೂ ಓದಿ.